ಚಿಕ್ಕಪ್ಪನ ರಾಜ್ಯ, ದೊಡ್ಡಪ್ಪನ ಕೇಂದ್ರ

ಭಾರತದ ಭೂಪಟದಲ್ಲಿ ಕಾಣದ ರಾಜ್ಯವೊಂದು ಸಂಡೂರಿನಲ್ಲಿದೆ. ನಂಬಿ, ಆ ರಾಜ್ಯಕ್ಕೆ ನಾನೇ ರಾಜ್ಯಪಾಲ! ಅದರ ಚಕ್ಕುಬಂದಿ ಹೀಗಿದೆ: ಪೂರ್ವಕ್ಕೆ ಓಣಿ, ಪಶ್ಚಿಮಕ್ಕೆ ಸೀತಾಫಲದ ಗಿಡ, ಉತ್ತರಕ್ಕೆ ಪಕ್ಕದ ಮನೆಯವರ ಗೋಡೆ, ದಕ್ಷಿಣಕ್ಕೆ ಎಮ್ಮೆ. ಎಮ್ಮೆ ಆಗಾಗ ಎದ್ದು ಜಾಗ ಬದಲಿಸುವುದರಿಂದ ದಕ್ಷಿಣದ ಗಡಿವಿವಾದ ಮಾತ್ರ ಇನ್ನೂ ಇತ್ಯರ್ಥವಾಗಿಲ್ಲ. ಈ ರಾಜ್ಯದ ಮುಖ್ಯಮಂತ್ರಿ, ಕಾನೂನು ಮಂತ್ರಿ, ಸರ್ಕಾರಿ ಮುದ್ರಣಾಲಯ, ಕೇಂದ್ರದ ಮೇಲೆ ಹಲ್ಲು ಕಡಿಯುವ ಪತ್ರಿಕಾ ವಕ್ತಾರ ಎಲ್ಲರೂ ಒಬ್ಬರೇ. ಅವರೇ ನಮ್ಮ ಚಿಕ್ಕಪ್ಪ.

ಚಿಕ್ಕಪ್ಪ ಸಬ್ ರಿಜಿಸ್ಟ್ರಾರ್ ಕಚೇರಿಯ ಎದುರು, ಬೇವಿನ ಮರದ ಕೆಳಗೆ ಮೇಜು ಹಾಕಿಕೊಂಡು ಪತ್ರ ಬರೆಯುವವರು. ಊರಿನವರು 'ಬಾಂಡ್ ರೈಟರ್' ಎನ್ನುತ್ತಾರೆ. ಆಯುಷ್ಯವೆಲ್ಲ ಕ್ರಯಪತ್ರ, ದಾನಪತ್ರ, ವಿಭಾಗಪತ್ರ ಬರೆದು ಬರೆದು ಅವರ ಬಾಯಿಂದ ಸರಳವಾದ ವಾಕ್ಯ ಹೊರಡುವುದೇ ಕಷ್ಟ. ಒಮ್ಮೆ ಚಹಾ ಬೇಕೆನಿಸಿ ಅಡುಗೆಮನೆಯ ಕಡೆ ತಿರುಗಿ, "ಸದರಿ ಚಹಾವನ್ನು ಯಾರ ಒತ್ತಾಯವೂ ಇಲ್ಲದೆ, ಸ್ವಇಚ್ಛೆಯಿಂದ, ಸ್ಥಿರಬುದ್ಧಿಯಿಂದ ಕೊಡತಕ್ಕದ್ದು" ಎಂದಿದ್ದರು. ಒಳಗಿಂದ ಚಿಕ್ಕಮ್ಮ, "ಹಾಲಿಲ್ಲ. ಸದರಿ ಎಮ್ಮಿ ಒದ್ದೈತಿ" ಎಂದರು.

ಈಗ ನಮ್ಮ ಮನೆತನದ ಭೂಗೋಳವನ್ನು ಸ್ವಲ್ಪ ತಿಳಿದುಕೊಳ್ಳಿ. ಅಣ್ಣತಮ್ಮಂದಿರು ಮೂವರು. ಹಿರಿಯರಾದ ದೊಡ್ಡಪ್ಪನದು ಹೊಸಪೇಟೆಯಲ್ಲಿ ಲಾರಿ ಟೈರಿನ ಅಂಗಡಿ. ನಡುವಿನವರು ನಮ್ಮಪ್ಪ, ಕಂಪ್ಲಿಯಲ್ಲಿ ಭತ್ತ ಮತ್ತು ಬಾಳೆ ಬೆಳೆಯುತ್ತಾರೆ. ಅವರದು ಅಲಿಪ್ತ ನೀತಿ. ಯಾರು ಫೋನ್ ಮಾಡಿದರೂ "ಗದ್ದ್ಯಾಗ ಅದೀನಿ" ಎನ್ನುತ್ತಾರೆ, ಮಂಚದ ಮೇಲೆ ಮಲಗಿದ್ದಾಗಲೂ! ಕಿರಿಯರು ಈ ಚಿಕ್ಕಪ್ಪ. ನಾನು ಹೊಸಪೇಟೆಯಲ್ಲಿ ದೊಡ್ಡಪ್ಪನ ಮನೆಯಲ್ಲಿದ್ದುಕೊಂಡು ಸ್ಟೇಷನ್ ರಸ್ತೆಯ ಮೆಡಿಕಲ್ ಶಾಪಿನಲ್ಲಿ ಕೆಲಸ ಮಾಡುವವನು. ಅಂದರೆ ಕೇಂದ್ರದ ಅನ್ನ ಉಣ್ಣುವವನು.

ದೊಡ್ಡಪ್ಪ ಒಳ್ಳೆಯ ಮನುಷ್ಯ. ಆದರೆ ಮೂರೂ ಮನೆಗಳು ತಮ್ಮ ಮಾತಿನಂತೆ ನಡೆಯದಿದ್ದರೆ ತುಂಗಭದ್ರೆ ಹಿಂದಕ್ಕೆ ಹರಿಯುತ್ತಾಳೆ ಎಂದು ಅವರ ನಂಬಿಕೆ. ದಿನಾ ಬೆಳಗ್ಗೆ ಕುಟುಂಬದ ವಾಟ್ಸಾಪ್ ಗುಂಪಿಗೆ ಒಂದು ವಾಯ್ಸ್ ಮೆಸೇಜ್ ಹಾಕುತ್ತಾರೆ. ಮೊದಲು ಗಂಟಲು ಸರಿಪಡಿಸಿಕೊಳ್ಳುವ ಸದ್ದು, ಆಮೇಲೆ ಆಜ್ಞೆ. "ಎಲ್ಲಾರೂ ಕೇಳ್ರಿ. ಈ ಅಮಾಸಿಗೆ ಮೂರೂ ಮನ್ಯಾಗ ಗೋಧಿ ಹುಗ್ಗಿ. ಹೋಳಿಗಿ ಬ್ಯಾಡ." ಯಾಕೆ ಬೇಡ? ಅದನ್ನು ಕೇಳುವ ಹಕ್ಕು ಯಾರಿಗಿದೆ?

ಚಿಕ್ಕಪ್ಪನಿಗಿತ್ತು! ಕೆಲವು ವರ್ಷಗಳ ಹಿಂದೆ ಒಂದು ಮಧ್ಯಾಹ್ನ ಅವರು ಟಿವಿಯಲ್ಲಿ ವಿಧಾನಸಭೆಯ ಕಲಾಪ ನೋಡುತ್ತಾ ಕುಳಿತಿದ್ದರಂತೆ. ಕೇಂದ್ರ ರಾಜ್ಯದ ಅಧಿಕಾರಕ್ಕೆ ಕೈ ಹಾಕುತ್ತಿದೆ, ನಾವು ನಮ್ಮದೇ ಮಸೂದೆ ತಂದು ಉತ್ತರ ಕೊಡುತ್ತೇವೆ ಎಂದು ಒಬ್ಬರು ಮೇಜು ಕುಟ್ಟಿದರಂತೆ. ಸರಿಯಾಗಿ ಅದೇ ಹೊತ್ತಿಗೆ ಫೋನು ಟಿಣ್ ಎಂದಿತು. ಗಂಟಲು ಸರಿಪಡಿಸಿಕೊಳ್ಳುವ ಸದ್ದು! "ಸಂಡೂರಿನ ಸೀತಾಫಲ ಎಲ್ಲಾ ಕಿತ್ತು ಹೊಸಪೇಟಿಗೆ ಕಳಸ್ರಿ. ಇಲ್ಲಿಂದ ನಾ ಮೂರೂ ಮನಿಗೆ ಹಂಚ್ತೀನಿ."

ಚಿಕ್ಕಪ್ಪ ಟಿವಿ ನೋಡಿದರು, ಫೋನು ನೋಡಿದರು, ಗಿಡ ನೋಡಿದರು. ಎದ್ದು ನಿಂತು ಮೇಜು ಕುಟ್ಟಿದರು. ಮೇಜಿನ ಮೇಲಿದ್ದ ಮಜ್ಜಿಗೆ ಲೋಟ ಉರುಳಿತು.

"ಗಿಡ ನಮ್ದು, ನೀರು ನಮ್ದು, ಮಂಗ್ಯಾನ ಕಾಯೋರು ನಾವು. ಹಂಚಿಕಿ ಮಾತ್ರ ಅವರ್ದಾ? ಇದು ಒಕ್ಕೂಟ ವ್ಯವಸ್ಥಿ ಮ್ಯಾಲ ಹಲ್ಲೆ!"

"ಫೋನ್ ಮಾಡಿ ಆಗಂಗಿಲ್ಲ ಅಂತ ಹೇಳ್ರಿ ಮತ್ತ" ಎಂದರು ಚಿಕ್ಕಮ್ಮ ನೆಲ ಒರೆಸುತ್ತಾ.

"ಬೈದ್ರ ಜಗಳ ಆಗತೈತಿ. ಬರದ್ರ ಕಾಯ್ದಿ ಆಗತೈತಿ!"

ಅಂದೇ ಪಡಸಾಲೆಯಲ್ಲಿ ಸಂಡೂರು ಶಾಸನಸಭೆ ಹುಟ್ಟಿತು. ಪ್ರತಿ ಭಾನುವಾರ ಮಂಡಕ್ಕಿ ಒಗ್ಗರಣೆ, ಮಿರ್ಚಿ ಬಜ್ಜಿ ಆದಮೇಲೆ ಅಧಿವೇಶನ. ಸದಸ್ಯರು ಮೂವರು. ಆಡಳಿತ ಪಕ್ಷಕ್ಕೆ ಚಿಕ್ಕಪ್ಪ, ವಿರೋಧ ಪಕ್ಷಕ್ಕೆ ಚಿಕ್ಕಮ್ಮ, ಸಭಾಧ್ಯಕ್ಷತೆಗೆ ಅವರ ಒಬ್ಬಳೇ ಮಗಳು ಹುಲಿಗೆಮ್ಮ. ಮನೆಯಲ್ಲಿ ಹುಲಿಗಿ. ಅಧ್ಯಕ್ಷರಿಗೂ ಮತ ಉಂಟೆಂದು ಚಿಕ್ಕಪ್ಪ ಮೊದಲೇ ನಿಯಮ ಮಾಡಿದ್ದರು, ಯಾಕೆಂದರೆ ಮಗಳು ಯಾವಾಗಲೂ ಅಪ್ಪನ ಪಕ್ಷ. ಚಿಕ್ಕಮ್ಮ ಮಾತ್ರ ಪ್ರತಿ ಮಸೂದೆಯನ್ನೂ ವಿರೋಧಿಸುತ್ತಿದ್ದರು. ವಿಷಯ ಯಾವುದು ಎಂದು ಕೇಳುವ ಪದ್ಧತಿಯನ್ನೂ ಇಟ್ಟುಕೊಂಡಿರಲಿಲ್ಲ. ಒಲೆಯ ಮುಂದಿನಿಂದಲೇ "ನಂದು ಇಲ್ಲ" ಎಂದು ಕೂಗುತ್ತಿದ್ದರು.

ಗೋಡೆಗೆ ಕರಿಹಲಗೆ ಬಂತು. ಅದರ ಮೇಲೆ ಸೀಮೆಸುಣ್ಣದಲ್ಲಿ ಮೂರು ಪಟ್ಟಿ. ಕೇಂದ್ರದ ಪಟ್ಟಿ: ಮದುವೆ, ಹೊಲದ ಗಡಿ, ಸತ್ತವರ ತಿಥಿ. ರಾಜ್ಯದ ಪಟ್ಟಿ: ಅಡುಗೆ, ಎಮ್ಮೆ, ಮೀಸೆ. ಇಬ್ಬರಿಗೂ ಸೇರಿದ ಪಟ್ಟಿ: ಉಪ್ಪಿನಕಾಯಿ ಮತ್ತು ಬರಲಿರುವ ಅಳಿಯ. ಕೆಳಗೆ ಒಂದು ಗೆರೆ ಎಳೆದು ಬರೆದಿದ್ದರು: 'ಯಾವ ಪಟ್ಟಿಯಲ್ಲೂ ಇಲ್ಲದ್ದು ಕೇಂದ್ರಕ್ಕೆ.' ಅದನ್ನು ಯಾಕೆ ಬರೆದಿರಿ ಎಂದು ಆಮೇಲೊಮ್ಮೆ ನಾನು ಕೇಳಿದ್ದಕ್ಕೆ, "ಸಂವಿಧಾನದಾಗ ಹಂಗ ಐತಿ ಲೇ. ಅನ್ಯಾಯಾನೂ ಕ್ರಮಬದ್ಧ ಇರಬೇಕು" ಎಂದರು. ಆ ಒಂದು ಸಾಲು ಮುಂದೆ ಅವರ ಕುತ್ತಿಗೆಗೇ ಬಂತು.

ಮೊದಲ ಕಾಯ್ದೆ ಸೀತಾಫಲ ಸಂರಕ್ಷಣೆಯದು. ಎರಡು ಮತ ಪರ, ಒಂದು ವಿರುದ್ಧ. ಅಂಗೀಕಾರವೇನೋ ಆಯಿತು, ಅಂಕಿತ ಹಾಕುವವರು ಯಾರು? ಅಷ್ಟರಲ್ಲಿ ಹೊಸಪೇಟೆಯಿಂದ ನಾನು ಬಂದಿಳಿದೆ. "ಭಾನುವಾರಕ್ಕೊಮ್ಮಿ ಹೋಗಿ, ನಿಮ್ಮ ಚಿಕ್ಕಪ್ಪ ಏನ್ ನಡಸ್ಯಾನ ನೋಡ್ಕೊಂಡು ಬಾ" ಎಂದು ದೊಡ್ಡಪ್ಪ ಕಳಿಸಿದ್ದರು. ಚಿಕ್ಕಪ್ಪ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಕೇಂದ್ರ ಕಳಿಸಿದ್ದಾ?"

"ಹೌದ್ರಿ."

"ಕೆಲಸ ಏನೂ ಇಲ್ಲ, ಬರೇ ಕುಂತು ನೋಡೋದು?"

"ಹೌದ್ರಿ."

"ಅಂದ್ರ ನೀ ರಾಜ್ಯಪಾಲ. ಬಾ, ಕುಂದ್ರು!" ಎಂದು ಮೆತ್ತನೆಯ ದಿಂಬಿದ್ದ ಏಕೈಕ ಕುರ್ಚಿಯನ್ನು ನನಗೆ ಕೊಟ್ಟರು. ಮಿರ್ಚಿಯ ತಟ್ಟೆಯೂ ಮೊದಲು ನನ್ನ ಮುಂದೆಯೇ ಬಂತು. ಇಂಥ ಹುದ್ದೆಯನ್ನು ಯಾರಾದರೂ ಬೇಡವೆನ್ನುತ್ತಾರೆಯೇ? ಆದರೆ ಅಂಕಿತ ಹಾಕಿದರೆ ದೊಡ್ಡಪ್ಪ ಬೈಯುತ್ತಾರೆ, ಹಾಕದಿದ್ದರೆ ಚಿಕ್ಕಪ್ಪ. ಹಾಗಾಗಿ ಎಲ್ಲ ಜಾಣ ರಾಜ್ಯಪಾಲರಂತೆ ನಾನೂ "ಪರಿಶೀಲಿಸ್ತೀನ್ರಿ" ಎಂದು ಮಸೂದೆಯನ್ನು ಜೇಬಿಗಿಟ್ಟುಕೊಂಡೆ. ದಾರಿಗೆಂದು ಚಿಕ್ಕಮ್ಮ ಕಟ್ಟಿಕೊಟ್ಟ ಮಿರ್ಚಿಯೂ ಅದೇ ಜೇಬಿನಲ್ಲಿತ್ತು. ಬಸ್ಸು ಘಟ್ಟ ಇಳಿಯುವಷ್ಟರಲ್ಲಿ ಅಂಕಿತ ಬೀಳಬೇಕಾದ ಜಾಗದಲ್ಲಿ ಎಣ್ಣೆ ಬಿದ್ದಿತ್ತು. ಅಷ್ಟರೊಳಗೆ ಗಿಡದ ಹಣ್ಣನ್ನು ಮಂಗಗಳು ತಿಂದು ಮುಗಿಸಿದ್ದರಿಂದ ಸಾಂವಿಧಾನಿಕ ಬಿಕ್ಕಟ್ಟು ತಾನಾಗಿಯೇ ಪರಿಹಾರವಾಯಿತು.

ಹುಲಿಗಿಯ ವಿಷಯ ಇಲ್ಲೇ ಹೇಳಿಬಿಡಬೇಕು. ಐಟಿಐ ಮುಗಿಸಿದ ಹುಡುಗಿ. ಅವಳಿಗೆ ಚಿಕ್ಕಂದಿನಿಂದ ಇದ್ದದ್ದು ಒಂದೇ ಆಸೆ. ಗಣಿಯಲ್ಲಿ ಅದಿರು ಹೊತ್ತು ಗುಡುಗುತ್ತಾ ಇಳಿಯುವ ಡಂಪರ್ ಇದೆಯಲ್ಲ, ಅದರ ಸ್ಟೇರಿಂಗ್ ಹಿಡಿಯಬೇಕು. ಬೇರೆ ಹುಡುಗಿಯರು ಸೀರೆಯ ಬಣ್ಣ ಗುರುತಿಸಿದರೆ ಇವಳು ಓಣಿಯ ಕೊನೆಯಲ್ಲಿ ಹೋಗುವ ಗಾಡಿಯ ಸದ್ದು ಕೇಳಿ "ಎರಡನೇ ಗೇರ್" ಎನ್ನುತ್ತಿದ್ದಳು. ಹೆವಿ ಲೈಸೆನ್ಸನ್ನೂ ಮಾಡಿಸಿಕೊಂಡಿದ್ದಳು. ಈ ಆಸೆಗೆ ಅಡ್ಡ ನಿಲ್ಲುವವರು ಯಾರೆಂದು ಮೂರೂ ಮನೆಗೆ ಗೊತ್ತಿತ್ತು. ಚಿಕ್ಕಪ್ಪನಿಗೂ ಗೊತ್ತಿತ್ತು. ಅವರು ಆ ಮಾತನ್ನೇ ಎತ್ತದೆ ಉಪ್ಪಿನಕಾಯಿ, ಮೀಸೆ, ಎಮ್ಮೆ ಎಂದು ಕಾಯ್ದೆಯ ಮೇಲೆ ಕಾಯ್ದೆ ಮಾಡುತ್ತಲೇ ಇದ್ದರು.

ಒಮ್ಮೆ ದೊಡ್ಡಪ್ಪನಿಗೆ ರಕ್ತದಲ್ಲಿ ಕೊಬ್ಬು ಜಾಸ್ತಿ ಎಂದು ಡಾಕ್ಟರು ಹೇಳಿದರು. ಕೊಬ್ಬು ಒಬ್ಬರದು, ಶಿಕ್ಷೆ ಮೂರು ಮನೆಗೆ! "ಇನ್ ಮ್ಯಾಲ ಎಣ್ಣ್ಯಾಗ ಕರದದ್ದು ಬಂದ್" ಎಂದು ವಾಯ್ಸ್ ಮೆಸೇಜ್ ಬಂತು. ಹೊಸಪೇಟೆ, ಸಂಡೂರು, ಕಂಪ್ಲಿಯ ಮಧ್ಯೆ ಇರುವ ಮನುಷ್ಯನಿಂದ ಮಿರ್ಚಿ ಕಿತ್ತುಕೊಂಡರೆ ಉಳಿಯುವುದೇನು? ಚಿಕ್ಕಪ್ಪ ಕೆರಳಿ 'ಭಾನುವಾರದ ಮಿರ್ಚಿ ಹಕ್ಕು ಮಸೂದೆ' ಮಂಡಿಸಿದರು. ಅದರ ಪ್ರಕಾರ ಮುಖ್ಯಮಂತ್ರಿಯವರಿಗೆ ವಾರಕ್ಕೆ ಹೊಟ್ಟೆ ತುಂಬುವಷ್ಟು ಮಿರ್ಚಿ.

ಆ ದಿನ ಚಿಕ್ಕಮ್ಮ ಮೊದಲ ಸಲ ಒಲೆ ಬಿಟ್ಟು ಸಭೆಗೇ ಬಂದರು. ಕೈಯಲ್ಲಿ ಜಾಲರಿ ಸೌಟಿತ್ತು.

"ಅಧ್ಯಕ್ಷರ, ಒಂದ್ ಮಾತು. ತಮ್ಮ ಹೊಟ್ಟಿ ವಿಷಯಕ್ಕ ತಾವ ಕೈ ಎತ್ತೋದು ಯಾವ ನ್ಯಾಯ? ಯಾರ ಸಲುವಾಗಿ ಕಾಯ್ದಿ ಆಗತೈತೋ ಅವರು ಕೈ ಎತ್ತಬಾರದು."

ಹುಲಿಗಿ ಒಂದು ಕ್ಷಣ ಅಪ್ಪನನ್ನೂ ಅವ್ವನನ್ನೂ ನೋಡಿದಳು. "ವಿರೋಧ ಪಕ್ಷದ ಮಾತು ಖರೆ ಐತಿ. ಇನ್ ಮ್ಯಾಲ ಅದಾ ನಿಯಮ" ಎಂದು ಲಟ್ಟಣಿಗೆ ಕುಟ್ಟಿದಳು. ಚಿಕ್ಕಪ್ಪನ ಮತ ಹೋಯಿತು. ಉಳಿದದ್ದು ಒಂದಕ್ಕೊಂದು. ಸಮ ಬಿದ್ದರೆ ಮಸೂದೆ ಸತ್ತಂತೆ ಎಂದು ಹಲಗೆಯ ಮೇಲೆ ಚಿಕ್ಕಪ್ಪನೇ ಬರೆದಿದ್ದರು. ಸ್ವಂತ ವಿಧಾನಸಭೆಯಲ್ಲಿ ಸ್ವಂತ ಮಿರ್ಚಿಯನ್ನು ಕಳೆದುಕೊಂಡ ಮುಖ್ಯಮಂತ್ರಿ ಲೋಕದಲ್ಲಿ ಇವರೊಬ್ಬರೇ ಇರಬೇಕು! ಮುಖ ಸಣ್ಣದು ಮಾಡಿಕೊಂಡು ಕೂತಿದ್ದವರ ತಟ್ಟೆಗೆ ಆಮೇಲೆ ಚಿಕ್ಕಮ್ಮ ಅರ್ಧ ಮಿರ್ಚಿ ಹಾಕಿ, "ಇದು ಕಾಯ್ದಿ ಅಲ್ಲ, ದಯಾ" ಎಂದು ಒಳಗೆ ಹೋದರು.

ಈ ಮಿರ್ಚಿಯ ನಿಯಮ ಬರುವುದಕ್ಕೂ ಮೊದಲು ಒಂದು ಸಲ ಕೇಂದ್ರ ಹಂಪಿ ಪ್ರವಾಸ ಹೊರಡಿಸಿತ್ತು. ಮೂರೂ ಮನೆ, ಒಂದೇ ಟೆಂಪೊ, ಗಂಡಸರಿಗೆಲ್ಲ ಒಂದೇ ನೀಲಿ ಅಂಗಿ. ಚಿಕ್ಕಪ್ಪ 'ಅಂಗಿ ಸ್ವಾಯತ್ತತೆ ಕಾಯ್ದೆ' ಪಾಸು ಮಾಡಿ ಹಳದಿ ಅಂಗಿಯಲ್ಲಿ ಬಂದರು. ಟೆಂಪೊ ಹೊರಡುವ ಮೊದಲು ದೊಡ್ಡಪ್ಪ ಇಳಿದು ನಾಲ್ಕೂ ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟರು. ಇದು ನಮ್ಮ ಮನೆತನದ ಪದ್ಧತಿ. ಸೈಕಲ್ಲಿರಲಿ, ಟ್ರ್ಯಾಕ್ಟರಿರಲಿ, ನಮ್ಮವರು ಮೊದಲ ಸಲ ಹತ್ತುವ ಗಾಡಿಯ ಗಾಲಿಗೆ ಮನೆಯ ಹಿರಿಯರೇ ನಿಂಬೆಹಣ್ಣು ಇಡಬೇಕು, ಗಾಡಿ ಅದನ್ನು ತುಳಿದುಕೊಂಡೇ ಮುಂದೆ ಹೋಗಬೇಕು. ಬೇರೆಯವರು ಮುಟ್ಟುವಂತಿಲ್ಲ. ಬಾಡಿಗೆ ಗಾಡಿಯನ್ನೂ ದೊಡ್ಡಪ್ಪ ಬಿಡುವುದಿಲ್ಲ.

ಹಂಪಿಯಲ್ಲಿ ಬಿಸಿಲಿಗೆ ಕಲ್ಲೂ ಬೆವರುವಂತಿತ್ತು. ಊಟಕ್ಕೆ ಎಲ್ಲಿ ಕೂರಬೇಕೆಂದು ಕೇಂದ್ರ ಮತ್ತು ರಾಜ್ಯ ಜಗಳವಾಡುತ್ತಾ ಒಂದು ಮಂಟಪದಿಂದ ಇನ್ನೊಂದು ಮಂಟಪಕ್ಕೆ ಬುತ್ತಿ ಹೊರಿಸಿದವು. ಕಂಪ್ಲಿ ಮಾತ್ರ ಸಿಕ್ಕ ಮೊದಲ ನೆರಳಲ್ಲೇ ಕೂತು ಉಂಡು ಮುಗಿಸಿತ್ತು. ವಾಪಸು ಹೊರಡುವ ಹೊತ್ತಿಗೆ ಟೆಂಪೊ ಡ್ರೈವರ್ ಬಿಸಿಲಿಗೆ ತಲೆ ಸುತ್ತಿ ಮಲಗಿಬಿಟ್ಟ. ಅವನನ್ನು ಹಿಂದಿನ ಸೀಟಿಗೆ ಸಾಗಿಸಿದ್ದಾಯಿತು. ಮುಂದೇನು ಎಂದು ಎಲ್ಲರೂ ಮುಖ ಮುಖ ನೋಡುವಷ್ಟರಲ್ಲಿ ಹುಲಿಗಿ ಸ್ಟೇರಿಂಗ್ ಮುಂದೆ ಕೂತು ಕನ್ನಡಿ ಸರಿಮಾಡಿಕೊಳ್ಳುತ್ತಿದ್ದಳು.

ದೊಡ್ಡಪ್ಪ ಅವಳ ಪಕ್ಕ ಕೂತು ಮೊದಲು ಕಣ್ಣು ಮುಚ್ಚಿದರು. ಕಮಲಾಪುರ ದಾಟುವಾಗ ಒಂದು ಕಣ್ಣು ತೆರೆದರು. ಆಮೇಲೆ ಎರಡೂ ತೆರೆದು, ತಮಗೇ ಗೊತ್ತಿಲ್ಲದೆ ಹಳೆಯ ಮಾತಿಗಿಳಿದರು. ಅಂಗಡಿ ಹಾಕುವ ಮೊದಲು ಅವರೂ ಅದಿರು ಲಾರಿ ಹೊಡೆದವರು.

"ನಾ ಮೊದಲ್ನೇ ಸಲ ಲಾರಿ ಹತ್ತಿದಾಗ ನಮ್ಮಪ್ಪ ನಿಂಬಿಹಣ್ಣು ಇಡಾಕ ಬರಲೇ ಇಲ್ಲ. ಲಾರಿ ಕೆಲಸ ಬ್ಯಾಡ ಅಂತ ಸಿಟ್ಟು ಮಾಡ್ಕೊಂಡು ಒಳಗ ಕುಂತಿದ್ದ."

"ಮತ್ತ ಯಾರ್ ಇಟ್ರು ದೊಡ್ಡಪ್ಪ?" ಎಂದಳು ಹುಲಿಗಿ.

ದೊಡ್ಡಪ್ಪ ಹಿಂದಿನ ಸೀಟಿನ ಹಳದಿ ಅಂಗಿಯ ಕಡೆ ಒಮ್ಮೆ ತಿರುಗಿದರು. ಚಿಕ್ಕಪ್ಪ ಕಿಟಕಿಯಾಚೆ ಬಾಳೆ ತೋಟ ನೋಡುತ್ತಿದ್ದರು.

"ರಸ್ತಿ ನೋಡಿ ಹೊಡಿ" ಎಂದರು ದೊಡ್ಡಪ್ಪ. ಹೊಸಪೇಟೆಯಲ್ಲಿ ಇಳಿದ ಮೇಲೆ ನನ್ನ ಕಿವಿಯಲ್ಲಿ, "ಗಾಡಿ ಮಸ್ತ್ ಹೊಡಿತಾಳ. ಆದ್ರ ಹೆಣ್ಮಕ್ಳಿಗೆ ಸ್ಕೂಟಿ ಸಾಕು" ಎಂದರು.

ಮುಂದಿನ ಮಳೆಗಾಲ ಮುಗಿಯುವಾಗ ಯಶವಂತನಗರದ ಕಡೆಯ ಒಂದು ಗಣಿ ಕಂಪನಿ ಡಂಪರ್ ಓಡಿಸಲು ಹೆಣ್ಣುಮಕ್ಕಳನ್ನೂ ತೆಗೆದುಕೊಂಡಿತು. ಹುಲಿಗಿ ಪರೀಕ್ಷೆ ಕೊಟ್ಟು ಪಾಸಾದಳು. ಸೋಮವಾರ ಹಾಜರಾಗಬೇಕು, ಇಲ್ಲವಾದರೆ ಜಾಗ ಬೇರೆಯವರಿಗೆ. ಸುದ್ದಿ ಗುಂಪಿನಲ್ಲಿ ಬಿದ್ದ ಸ್ವಲ್ಪ ಹೊತ್ತಿಗೆ ಟಿಣ್ ಎಂದಿತು. ಈ ಸಲ ಗಂಟಲು ಸರಿಪಡಿಸಿಕೊಳ್ಳುವ ಸದ್ದೇ ಇರಲಿಲ್ಲ. "ನಮ್ಮ ಮನೆತನದ ಹುಡುಗಿ ಡಂಪರ್ ಹತ್ತಂಗಿಲ್ಲ. ಮುಗೀತು."

ಭಾನುವಾರ ನಾನು ಹೊರಡುವಾಗ ದೊಡ್ಡಪ್ಪ ತಾವೂ ಚಪ್ಪಲಿ ಮೆಟ್ಟಿದರು. ಇತ್ತ ಸಂಡೂರಿನಲ್ಲಿ ಚಿಕ್ಕಪ್ಪ ತೊಳೆದ ಪಂಚೆ ಉಟ್ಟು ಮಸೂದೆ ಹಿಡಿದು ನಿಂತಿದ್ದರು. ಮಿರ್ಚಿಯ ವಾಸನೆಯೂ ಇಲ್ಲದ ಅಧಿವೇಶನ ನಾನು ನೋಡಿದ್ದು ಅದೇ ಮೊದಲು.

ಚಿಕ್ಕಪ್ಪ ಓದಲು ಶುರುಮಾಡಿದರು. "ಸದರಿ ರಾಜ್ಯದ ಹೆಣ್ಣುಮಕ್ಕಳು ತಮಗೆ ಬೇಕಾದ ಉದ್ಯೋಗವನ್ನು..."

"ನಿಲ್ಸು" ಎಂದರು ದೊಡ್ಡಪ್ಪ. ಎದ್ದು ಕರಿಹಲಗೆಯ ಹತ್ತಿರ ಹೋಗಿ ಮೂರೂ ಪಟ್ಟಿಯ ಮೇಲೆ ಬೆರಳಾಡಿಸಿದರು. "ಡಂಪರ್ ಯಾವ ಪಟ್ಟ್ಯಾಗೈತಿ ತೋರ್ಸು. ಇಲ್ಲಲ್ಲ? ಕೆಳಗೇನ್ ಬರದಿ? ಇಲ್ಲದ್ದೆಲ್ಲ ಕೇಂದ್ರಕ್ಕ. ಅಕ್ಷರ ಯಾರ್ದು?"

ಇಷ್ಟು ವರ್ಷ ಈ ಆಟವನ್ನು ಹುಚ್ಚಾಟ ಎನ್ನುತ್ತಿದ್ದ ಮನುಷ್ಯ ಹಲಗೆಯನ್ನು ಇಷ್ಟು ಸರಿಯಾಗಿ ಓದಿಟ್ಟುಕೊಂಡಿದ್ದಾರೆಂದು ಯಾರಿಗೆ ಗೊತ್ತಿತ್ತು! ನನಗೆ ದೊಡ್ಡಪ್ಪನ ಮೇಲೆ ಗೌರವ ಬಂತು, ಹಾಗೇ ಸಿಟ್ಟೂ ಬಂತು.

"ಆ ಗುಡ್ಡದ ರಸ್ತಿ ನಾ ನೋಡೀನಿ" ಎಂದರು ದೊಡ್ಡಪ್ಪ. ದನಿ ಇಳಿದಿತ್ತು. "ಆ ಕೆಂಪು ಧೂಳು ಉಂಡೀನಿ. ಮುಂಜಾನಿ ಜೊತಿಗೆ ಚಾ ಕುಡದಾವ ಸಂಜಿಗೆ ಇರತಿರಲಿಲ್ಲ. ಈಕಿ ನನ್ನ ಮಗಳ ಹಂಗ. ಬ್ಯಾಡ ಅಂದ್ರ ಬ್ಯಾಡ."

ಸಭಾಧ್ಯಕ್ಷೆ ಲಟ್ಟಣಿಗೆ ಕೆಳಗಿಟ್ಟಳು. "ದೊಡ್ಡಪ್ಪ, ಹಲಗಿ ಮ್ಯಾಲ ಎಮ್ಮಿ ಐತಿ, ಉಪ್ಪಿನಕಾಯಿ ಐತಿ. ನಾ ಇಲ್ಲ. ನಾ ಯಾರ ಪಟ್ಟ್ಯಾಗೂ ಬರಂಗಿಲ್ರಿ. ನೀವು ಹೊಡದ ರಸ್ತೀನ ನಾನೂ ಹೊಡಿಬೇಕು. ನನಗ ಅದರಾಗ ಜೀವ ಐತಿ."

"ಮತಕ್ಕ ಹಾಕ್ರಿ, ನೋಡೋಣು" ಎಂದು ದೊಡ್ಡಪ್ಪ ಬಾಗಿಲ ಬಳಿ ಕೂತರು.

ಮತಕ್ಕೆ ಹಾಕುವಾಗಲೇ ನಮಗೆಲ್ಲ ಮಿರ್ಚಿಯ ನಿಯಮ ನೆನಪಾದದ್ದು. ಯಾರ ಸಲುವಾಗಿ ಕಾಯ್ದೆಯೋ ಅವರು ಕೈ ಎತ್ತುವಂತಿಲ್ಲ. ಹುಲಿಗಿಯ ಮತ ಹೋಯಿತು. ಚಿಕ್ಕಪ್ಪ ಒಬ್ಬರೇ ಕೈ ಎತ್ತಿ ನಿಂತರು. ಇನ್ನು ಉಳಿದದ್ದು ವಿರೋಧ ಪಕ್ಷ! ಹುಟ್ಟಿದಂದಿನಿಂದ ಒಂದೇ ಒಂದು ಮಸೂದೆಗೂ ಹ್ಞೂಂ ಎನ್ನದ ವಿರೋಧ ಪಕ್ಷ. ಅದರ ಮೇಲೆ, ಮಗಳು ಲೈಸೆನ್ಸ್ ಮಾಡಿಸಿದ ದಿನ ಹೆದರಿ ಊಟ ಬಿಟ್ಟಿದ್ದ ತಾಯಿ. ಸಮ ಬಿದ್ದರೆ ಮಸೂದೆ ಸತ್ತಂತೆ.

ಚಿಕ್ಕಮ್ಮ ಅಡುಗೆಮನೆಯ ಬಾಗಿಲಲ್ಲಿ ಸೆರಗಿನಿಂದ ಕೈ ಒರೆಸಿಕೊಳ್ಳುತ್ತಾ ನಿಂತಿದ್ದರು. ಕೈ ಒಣಗಿದ ಮೇಲೂ ಒರೆಸುತ್ತಲೇ ಇದ್ದರು. ಗಂಡನ ಕಡೆ ನೋಡಲಿಲ್ಲ, ಭಾವನ ಕಡೆಯೂ ನೋಡಲಿಲ್ಲ. ಮಗಳ ಕಡೆ ನೋಡಿ ಕೇಳಿದರು:

"ಬುತ್ತಿ ಎಷ್ಟು ಗಂಟಿಗೆ ಬೇಕು?"

ಯಾರಿಗೂ ತಕ್ಷಣ ತಿಳಿಯಲಿಲ್ಲ. ಚಿಕ್ಕಪ್ಪ ಎತ್ತಿದ ಕೈ ಹಾಗೇ ಹಿಡಿದುಕೊಂಡು ಕೇಳಿದರು, "ಇದು... ಇದು ಪ್ರಶ್ನೇನೋ, ಮತಾನೋ?"

"ಎರಡೂ" ಎಂದರು ಚಿಕ್ಕಮ್ಮ. "ಬಾವಾರ, ನನಗೂ ಅಂಜಿಕಿ ಐತ್ರಿ. ಅಂಜಿಕಿ ನಂದು. ಅದನ್ನ ಆಕಿ ಕೊರಳಿಗೆ ಯಾಕ ಕಟ್ಲಿ?"

ಮಸೂದೆ ಅಂಗೀಕಾರವಾಯಿತು. ಚಪ್ಪಾಳೆ ಇಲ್ಲ. ದೊಡ್ಡಪ್ಪ ಚಹಾ ಕೂಡ ಮುಟ್ಟದೆ ಚಪ್ಪಲಿ ಮೆಟ್ಟಿ ಹೊರಟರು. ನಾನು ಅಲ್ಲೇ ಜೇಬಿನಿಂದ ಪೆನ್ನು ತೆಗೆದು, ಪರಿಶೀಲನೆ ಗಿರಿಶೀಲನೆ ಎನ್ನದೆ ಮಸೂದೆಗೆ ಅಂಕಿತ ಹಾಕಿದೆ. ನನ್ನ ಅಧಿಕಾರಾವಧಿಯಲ್ಲಿ ನಾನು ಮಾಡಿದ ಏಕೈಕ ಕೆಲಸ ಅದು. ಆಮೇಲೆ ಮುಂದಿನ ಬಸ್ಸಿಗೆ ಕಾದು, ಭಯದಿಂದಲೇ ಹೊಸಪೇಟೆಗೆ ಬಂದೆ.

ತರಬೇತಿ ಕಂಪನಿಯ ಹಾಸ್ಟೆಲ್ಲಿನಲ್ಲಿ ನಡೆಯಿತು. ಆ ದಿನಗಳಲ್ಲಿ ಒಂದು ವಿಚಿತ್ರ ಕಂಡೆ. ದೊಡ್ಡಪ್ಪ ಗುಂಪಿಗೆ ಮೆಸೇಜ್ ಹಾಕುವುದನ್ನೇ ನಿಲ್ಲಿಸಿಬಿಟ್ಟರು. ಅಮಾವಾಸ್ಯೆಗೆ ಹುಗ್ಗಿಯೋ ಹೋಳಿಗೆಯೋ ಯಾರೂ ಹೇಳುವವರಿಲ್ಲ. ಕೇಂದ್ರ ಸುಮ್ಮನಾದರೆ ರಾಜ್ಯ ಹಿಗ್ಗಬೇಕಲ್ಲವೇ? ಚಿಕ್ಕಪ್ಪ ಬಾಡಿಹೋದರು! ಸೀಮೆಸುಣ್ಣ ಹಿಡಿದು ಹಲಗೆಯ ಮುಂದೆ ಕೂತರೆ ಯಾವುದನ್ನು ಪ್ರತಿಭಟಿಸಬೇಕೆಂದೇ ತೋಚದು. ಭಾನುವಾರ ನನ್ನನ್ನು ಕಂಡರೆ ಮೊದಲ ಪ್ರಶ್ನೆ, "ಅಣ್ಣ ಏನಾರ ಬ್ಯಾಡ ಅಂದನೇನು?"

"ಇಲ್ರಿ ಚಿಕ್ಕಪ್ಪ."

"ಎಣ್ಣಿ ಬಗ್ಗೆ? ಅಂಗಿ ಬಗ್ಗೆ?"

"ಏನೂ ಅಂದಿಲ್ರಿ."

"ಹಂಗಾದ್ರ ಅವನ ಮೈಯಾಗ ಆರಾಮಿಲ್ಲ" ಎಂದು ಮಿರ್ಚಿಯನ್ನೂ ಅರ್ಧಕ್ಕೆ ಬಿಟ್ಟು ಏಳುತ್ತಿದ್ದರು.

ಹುಲಿಗಿ ತರಬೇತಿ ಮುಗಿಸಿ ಮನೆಗೆ ಬಂದಳು. ಮೊದಲ ದಿನ ಕೆಲಸಕ್ಕೆ ಹೋಗುವ ಬೆಳಗ್ಗೆ, ಹಿಂದಿನ ರಾತ್ರಿಯೇ ಬಂದಿದ್ದ ನಾನೂ ಸೇರಿ ನಾವೆಲ್ಲ ಅವಳನ್ನು ಕಳಿಸಲು ಸಂಡೂರಿನಲ್ಲಿ ಕಂಪನಿ ಬಸ್ಸು ನಿಲ್ಲುವ ಕಡೆಗೆ ಹೋದೆವು. ಇನ್ನೂ ಮಸುಕು ಬೆಳಕು. ಕಂಪನಿ ಬಸ್ಸೊಂದು ನಿಂತಿತ್ತು. ಅದರ ಹಿಂದಿನ ಗಾಲಿಯ ಬಳಿ ಯಾರೋ ಮೊಳಕಾಲೂರಿ ಬಗ್ಗಿದ್ದರು. ಡ್ರೈವರ್ ಕಿಟಕಿ ಹೊರಗೆ ತಲೆ ಹಾಕಿ, "ಯಜಮಾನ್ರ, ಏನಾರ ಕಳಕೊಂಡ್ರೇನು?" ಎಂದು ಕೂಗುತ್ತಿದ್ದ.

ಮೊಳಕಾಲೂರಿದ್ದವರು ನಮ್ಮ ದೊಡ್ಡಪ್ಪ! ನಸುಕಿನ ಮೊದಲ ಬಸ್ಸಿಗೇ ಹೊಸಪೇಟೆಯಿಂದ ಬಂದಿದ್ದರು, ಯಾರಿಗೂ ಹೇಳದೆ. ಡಂಪರ್ ಹತ್ತಿರ ಗೇಟಿನೊಳಗೆ ಬಿಡುವುದಿಲ್ಲ ಎಂದು ಗೊತ್ತಿತ್ತು. ಹಾಗಾಗಿ ಅವಳನ್ನು ಒಯ್ಯುವ ಬಸ್ಸಿಗಾದರೂ ಇಡೋಣವೆಂದು ಗಾಲಿ ಗಾಲಿಗೆ ನಿಂಬೆಹಣ್ಣು ಇಡುತ್ತಿದ್ದರು. ನಾವು ಹತ್ತಿರ ಹೋಗುವಷ್ಟರಲ್ಲಿ ಬಸ್ಸು ನಾಲ್ಕನ್ನೂ ತುಳಿದು ಹೊರಟುಹೋಯಿತು.

"ದೊಡ್ಡಪ್ಪ" ಎಂದಳು ಹುಲಿಗಿ ಮೆಲ್ಲಗೆ, "ಅದು ಬ್ಯಾರೆ ಕಂಪನಿ ಬಸ್ಸು. ನಮ್ದು ಇನ್ನ ಬರಬೇಕು."

ದೊಡ್ಡಪ್ಪ ಖಾಲಿ ಚೀಲ ಹಿಡಿದು ನಿಂತರು. ಅವರನ್ನು ಅಷ್ಟು ಸಣ್ಣವರಾಗಿ ನಾನು ಎಂದೂ ಕಂಡಿರಲಿಲ್ಲ. ಆ ಹೊತ್ತಿಗೆ ಸರಿಯಾಗಿ ತಿರುವಿನಲ್ಲಿ ಹುಲಿಗಿಯ ಬಸ್ಸು ಕಾಣಿಸಿತು.

ಚಿಕ್ಕಪ್ಪ ಅಂಗಿಯ ಜೇಬಿಗೆ ಕೈ ಹಾಕಿದರು. ಒಂದು ನಿಂಬೆಹಣ್ಣು ಬಂತು. ಇನ್ನೊಂದು ಜೇಬಿನಿಂದ ಮತ್ತೊಂದು. ಉಳಿದ ಎರಡು ಪಂಚೆಯ ಮಡಿಕೆಯಲ್ಲಿದ್ದವು. ನಾಲ್ಕನ್ನೂ ಎರಡು ಕೈಯಲ್ಲಿ ಹಿಡಿದು ಅಣ್ಣನ ಮುಂದೆ ಚಾಚಿದರು.

ದೊಡ್ಡಪ್ಪ ಹಣ್ಣು ನೋಡಿದರು, ತಮ್ಮನನ್ನು ನೋಡಿದರು. "ಇಡೋ ಹಿರ್ಯಾ ನಾ ಇರಬೇಕಾದ್ರ, ನೀ ಯಾಕ ತಂದಿ?"

"ನೀ ಬರ್ತೀಯೋ ಇಲ್ಲೋ ಅಂತ..."

"ಅವತ್ತೂ ಹಿಂಗ ತಂದಿದ್ದಿ" ಎಂದರು ದೊಡ್ಡಪ್ಪ. ಹುಲಿಗಿಯ ಕಡೆ ತಿರುಗಿದರು. "ಅವತ್ತು ಕೇಳಿದ್ದಿ ಅಲ್ಲವಾ, ನನ್ನ ಲಾರಿಗೆ ಯಾರ್ ಇಟ್ರು ಅಂತ. ನಿಮ್ಮಪ್ಪನ. ಅಪ್ಪ ಬರದಿದ್ರೂ ಇಂವ ಬಂದ. ಸಾಲಿ ಚೀಲದಾಗ ಮುಚ್ಚಿಟ್ಕೊಂಡು ತಂದಿದ್ದ. ಇಂವಿಟ್ಟ ಹಣ್ಣು ತುಳದ ನಾ ಇಷ್ಟು ದಿನ ಬದಕೀನಿ."

ಬಸ್ಸು ಬಂದು ನಿಂತಿತು. ದೊಡ್ಡಪ್ಪ ನಾಲ್ಕು ಹಣ್ಣನ್ನೂ ಚಿಕ್ಕಪ್ಪನ ಅಂಗೈಗೇ ಒತ್ತಿ ಬೆರಳು ಮುಚ್ಚಿದರು.

"ಅವತ್ತೂ ನೀನ ಇಟ್ಟಿ. ಇವತ್ತೂ ನೀನ ಇಡು."

ಸಂಡೂರು ರಾಜ್ಯದ ಮುಖ್ಯಮಂತ್ರಿಗಳು ರಸ್ತೆಯಲ್ಲೇ ಅತ್ತರು. ಪಂಚೆಯ ತುದಿಯಿಂದ ಕಣ್ಣು ಒರೆಸಿಕೊಳ್ಳುತ್ತಾ ಬಗ್ಗಿ ಬಗ್ಗಿ ನಾಲ್ಕೂ ಗಾಲಿಗೆ ಹಣ್ಣು ಇಟ್ಟರು. ಚಿಕ್ಕಮ್ಮ ಬುತ್ತಿ ಕೊಟ್ಟರು. ಹುಲಿಗಿ ದೊಡ್ಡಪ್ಪನ ಕಾಲಿಗೂ ಅಪ್ಪನ ಕಾಲಿಗೂ ನಮಸ್ಕರಿಸಿ, ಅವ್ವನ ಕೈ ಹಿಡಿದು ಬಿಟ್ಟು, ಬಸ್ಸು ಹತ್ತಿದಳು. ಬಸ್ಸು ಹಣ್ಣು ತುಳಿದು ಯಶವಂತನಗರದ ಕಡೆ ಹೊರಟಿತು. ರಸ್ತೆಯ ತುಂಬ ನಿಂಬೆಯ ವಾಸನೆ.

ಬಸ್ಸು ಕಣ್ಮರೆಯಾದ ಮೇಲೆ ದೊಡ್ಡಪ್ಪ ಗಂಟಲು ಸರಿಪಡಿಸಿಕೊಂಡರು. ಆ ಸದ್ದು ಕೇಳಿ ಎಷ್ಟೋ ಕಾಲವಾಗಿತ್ತು! ಚಿಕ್ಕಪ್ಪ ಚಕ್ಕನೆ ತಲೆ ಎತ್ತಿದರು.

"ಎಲ್ಲಾರೂ ಕೇಳ್ರಿ. ಈಗ ಚಾ ಕುಡಿಯೋಣು. ಸಕ್ಕರಿ ಇಲ್ಲದ್ದು."

ಚಿಕ್ಕಪ್ಪನಿಗೆ ಸಕ್ಕರೆ ಇಲ್ಲದ ಚಹಾ ಎಂದರೆ ಪ್ರಾಣಸಂಕಟ. ಅಡುಗೆ ರಾಜ್ಯದ ಪಟ್ಟಿಯಲ್ಲಿದೆ, ಚಹಾ ಅಡುಗೆಯಲ್ಲಿದೆ. ಈಗ ಬರುತ್ತದೆ ನೋಡಿ ಮಸೂದೆ ಎಂದು ನಾನು ಕಾದೆ. ಚಿಕ್ಕಮ್ಮನೂ ಕಾದರು.

"ಹ್ಞೂಂ ಅಣ್ಣ" ಎಂದರು ಚಿಕ್ಕಪ್ಪ, ಮತ್ತು ಅಣ್ಣನ ಕೈಯಿಂದ ಆ ಖಾಲಿ ಚೀಲವನ್ನು ತಾವು ತೆಗೆದುಕೊಂಡು ಹೋಟೆಲಿನ ಕಡೆ ನಡೆದರು.